ಓದುಗರ ಪ್ರಶ್ನೆ: ದುಬೈಗೆ ಸಂಸಾರ ಕರೆಸಿಕೊಳ್ಳುವ ಮುನ್ನ

ಈ ಸಲ ಆರಿಸಿಕೊಂಡಿರುವ ಪತ್ರಗಳೆಲ್ಲ ದುಬೈ ಮನೆಖರ್ಚಿನವು. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ ಎಂಬ ಒಂದೇ ಮಾತನ್ನು ನೆಚ್ಚಿಕೊಂಡು ಲೆಕ್ಕ ಹಾಕಿದವರೇ ಹೆಚ್ಚು.

ಪ್ರಶ್ನೆ: ಯಜಮಾನರಿಗೆ ದುಬೈಯಲ್ಲಿ ವಸತಿ ಭತ್ಯೆ ಸೇರಿ ತಿಂಗಳಿಗೆ 12,000 ದಿರ್ಹಂ ಸಂಬಳ. ಎರಡು ವರ್ಷದಿಂದ ಬೆಡ್ ಸ್ಪೇಸ್‌ನಲ್ಲಿ (ಹಂಚಿಕೊಂಡ ಕೋಣೆಯ ಒಂದು ಮಂಚ) ಇದ್ದಾರೆ. ಈಗ ನನ್ನನ್ನೂ ಮೂರನೇ ಕ್ಲಾಸಿನ ಮಗನನ್ನೂ ಕರೆಸಿಕೊಳ್ಳುವ ಯೋಚನೆ. ಅಲ್ ಖುಸೈಸ್‌ನಲ್ಲಿ ಒಂದು ಬೆಡ್‌ರೂಮಿನ ಖಾಲಿ ಫ್ಲ್ಯಾಟ್ ನೋಡಿದ್ದಾರೆ, ವರ್ಷಕ್ಕೆ 60,000 ದಿರ್ಹಂ, ನಾಲ್ಕು ಚೆಕ್. ಶಾಲೆಯ ಫೀಸು ವರ್ಷಕ್ಕೆ 9,000, ಬಸ್ಸಿಗೆ 4,000 ಎಂದಿದ್ದಾರೆ. ಊರಿಗೆ ತಿಂಗಳಿಗೆ 50,000 ರೂಪಾಯಿ ಕಳಿಸಲೇಬೇಕು. ಸಾಕಾದೀತೆ?
— ಓದುಗರು, ಬೈಂದೂರು

ಉತ್ತರ: ಈ ಮನೆ ಹಿಡಿದರೆ ಸಾಕಾಗುವುದಿಲ್ಲ. ಆದರೆ ಕೊರತೆ ದೊಡ್ಡದಲ್ಲ, ಸರಿಪಡಿಸಿಕೊಳ್ಳಬಹುದು.

ಮೊದಲು ಮನೆಯ ಬಾಗಿಲು ತೆರೆಯಲು ಬೇಕಾದ ದುಡ್ಡು ನೋಡಿ. ಅಲ್ಲಿ ಬಾಡಿಗೆ ಮಾತಾಡುವುದು ವರ್ಷದ ಲೆಕ್ಕದಲ್ಲಿ. ಮುಂದಿನ ತಾರೀಕಿನ ಚೆಕ್‌ಗಳನ್ನು ಮೊದಲ ದಿನವೇ ಬರೆದುಕೊಡಬೇಕು. ನಾಲ್ಕು ಚೆಕ್ ಎಂದರೆ ಮೂರು ತಿಂಗಳಿಗೊಮ್ಮೆ 15,000. ಮೊದಲನೆಯದು ಕೈಯಲ್ಲೇ ಇರಬೇಕು. ಅದರ ಜೊತೆಗೆ ಠೇವಣಿ ಶೇ. 5, ಅಂದರೆ 3,000 (ಪೀಠೋಪಕರಣ ಸಹಿತ ಮನೆಯಾದರೆ ಸಾಮಾನ್ಯವಾಗಿ ಶೇ. 10). ಏಜೆಂಟನ ಕಮಿಷನ್ ಶೇ. 5, ಅದರ ಮೇಲೆ ವ್ಯಾಟ್ ಶೇ. 5, ಒಟ್ಟು 3,150. ಬಾಡಿಗೆ ಕರಾರನ್ನು ಸರ್ಕಾರದ 'ಇಜಾರಿ' ವ್ಯವಸ್ಥೆಯಲ್ಲಿ ನೋಂದಾಯಿಸಲು ಸುಮಾರು 220. ಕರೆಂಟು, ನೀರಿನ ಸಂಸ್ಥೆ 'ದೇವಾ'ಕ್ಕೆ 2,000 ಠೇವಣಿ, ಸಂಪರ್ಕ ಶುಲ್ಕ ಸುಮಾರು 130. (ಹೆಸರು ಕೇಳಿದರೆ ಮೊರೆಯಿಟ್ಟಂತಿದೆ, ಆಗಸ್ಟ್ ತಿಂಗಳ ಬಿಲ್ ನೋಡಿದ ಮೇಲೆ ಅದೂ ಸರಿಯೇ.) ಕೂಡಿದರೆ 23,500 ದಿರ್ಹಂ, ಹತ್ತಿರ ಹತ್ತಿರ ಎರಡು ತಿಂಗಳ ಸಂಬಳ. ಇಷ್ಟಾದರೂ ಮನೆಯಲ್ಲಿ ಒಂದು ಚಾಪೆಯೂ ಬಂದಿರುವುದಿಲ್ಲ. ಮಂಚ, ಫ್ರಿಜ್, ಬಟ್ಟೆ ಒಗೆಯುವ ಯಂತ್ರ ಸೆಕೆಂಡ್‌ಹ್ಯಾಂಡ್ ತಂದರೂ ಇನ್ನು ಐದಾರು ಸಾವಿರ ಬೇಕು. ನಿಮ್ಮಿಬ್ಬರ ವೀಸಾ, ವೈದ್ಯಕೀಯ ತಪಾಸಣೆ, ಎಮಿರೇಟ್ಸ್ ಐಡಿ, ಆರೋಗ್ಯ ವಿಮೆಯ ಖರ್ಚು ಬೇರೆ. 35,000 ದಿರ್ಹಂ ಕೂಡಿಬೀಳದೆ ಟಿಕೆಟ್ ಮಾಡಿಸಬೇಡಿ.

ಇನ್ನು ತಿಂಗಳ ಲೆಕ್ಕ. ಬಾಡಿಗೆಗೆ 5,000. ದೇವಾ ಬಿಲ್ ವರ್ಷದ ಸರಾಸರಿ 650, ಇದರಲ್ಲಿ ಕರೆಂಟು, ನೀರಿನದ್ದು 400 ಮಾತ್ರ. ಉಳಿದ 250 'ಹೌಸಿಂಗ್ ಫೀ', ಅಂದರೆ ವರ್ಷದ ಬಾಡಿಗೆಯ ಶೇ. 5ನ್ನು 12 ಭಾಗ ಮಾಡಿ ಅದೇ ಬಿಲ್ಲಿಗೆ ಸೇರಿಸುತ್ತಾರೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಶಾಲೆ, ಬಸ್ಸು 13,000ವನ್ನು ಹಂಚಿದರೆ 1,100. ಊಟಕ್ಕೆ 1,800. ಇಂಟರ್ನೆಟ್, ಮೊಬೈಲ್ 450. ಓಡಾಟಕ್ಕೆ 450, ಇದರಲ್ಲಿ ಯಜಮಾನರ ನೋಲ್ ಕಾರ್ಡಿನ (ಮೆಟ್ರೊ, ಬಸ್ಸಿನ ಕಾರ್ಡು) ಎಲ್ಲ ವಲಯಗಳ ತಿಂಗಳ ಪಾಸ್ 350. ಅಡುಗೆ ಅನಿಲ 60. ವೀಸಾ ನವೀಕರಣ, ವಿಮೆಗೆಂದು ಎತ್ತಿಡಲು 300. ಬೇಸಿಗೆಯಲ್ಲಿ ಊರಿಗೆ ಬಂದುಹೋಗುವ ಮೂವರ ಟಿಕೆಟಿಗೆ 400. ಔಷಧ, ಬಟ್ಟೆ, ಬರ್ತ್‌ಡೇ ಉಡುಗೊರೆ ಇತ್ಯಾದಿಗೆ 500. ಒಟ್ಟು 10,710.

ಉಳಿಯುವುದು 1,290. ದಿರ್ಹಂಗೆ 24 ರೂಪಾಯಿಯಂತೆ ಹಿಡಿದರೂ 31,000 ರೂಪಾಯಿ ಮುಟ್ಟುವುದಿಲ್ಲ. ನಿಮಗೆ ಬೇಕಾದ 50,000 ರೂಪಾಯಿಗೆ ಸುಮಾರು 2,080 ದಿರ್ಹಂ ಆಗುತ್ತದೆ. ಕೊರತೆ ತಿಂಗಳಿಗೆ 800ರ ಹತ್ತಿರ.

ಊಟದಲ್ಲಿ ಉಳಿಸುತ್ತೇನೆ ಎಂದು ಹೊರಡಬೇಡಿ, ಅಲ್ಲಿ ನೂರಿನ್ನೂರಕ್ಕಿಂತ ಹೆಚ್ಚು ಸಿಗದು. ಕೈ ಹಾಕಬೇಕಾದ್ದು ಬಾಡಿಗೆಗೆ. ಅದೇ ಸುತ್ತಿನಲ್ಲಿ 45,000ಕ್ಕೆ ಸ್ಟುಡಿಯೋ ಮನೆ ಸಿಕ್ಕರೆ ಬಾಡಿಗೆಯಲ್ಲಿ 1,250, ಹೌಸಿಂಗ್ ಫೀಯಲ್ಲಿ 60 ಚಿಲ್ಲರೆ ಉಳಿದು ಲೆಕ್ಕ ಕೂಡುತ್ತದೆ. ಮಗ ಚಿಕ್ಕವನು, ಒಂದೆರಡು ವರ್ಷ ನಡೆದೀತು. ಮನೆ ದೊಡ್ಡದು ಹಿಡಿದು ಒಂದು ಕೋಣೆಯನ್ನು ಬೇರೆಯವರಿಗೆ ಕೊಡುವ ಆಸೆ ಬೇಡ. ಮಾಲೀಕರ ಒಪ್ಪಿಗೆಯಿಲ್ಲದ ಒಳಬಾಡಿಗೆ ಕಾನೂನುಬಾಹಿರ, ಮನೆ ಖಾಲಿ ಮಾಡಿಸಲು ಅದೊಂದೇ ಕಾರಣ ಸಾಕು. ನಿಮಗೆ ಕೆಲಸ ಮಾಡುವ ಇಚ್ಛೆಯಿದ್ದರೆ ಗಂಡನ ಪ್ರಾಯೋಜಕತ್ವದ ವೀಸಾದಲ್ಲಿದ್ದುಕೊಂಡೇ ಮಾಡಬಹುದು, ಕೆಲಸದ ಪರವಾನಗಿ ಕಂಪನಿ ಮಾಡಿಸುತ್ತದೆ. ಆದರೆ ಬಾರದ ಆ ಸಂಬಳವನ್ನು ಈಗಿನ ಲೆಕ್ಕಕ್ಕೆ ಸೇರಿಸಬೇಡಿ.

ಮೊದಲ ಚೆಕ್ಕಿಗೆಂದು ಬ್ಯಾಂಕ್ ಸಾಲವನ್ನಂತೂ ತೆಗೆಯಲೇಬೇಡಿ. ಸಂಬಳದ ಅರ್ಧದಷ್ಟು ಕಂತಿನವರೆಗೆ ಸಾಲ ಕೊಡಲು ನಿಯಮದಲ್ಲಿ ಅವಕಾಶವಿದೆ, ಬ್ಯಾಂಕಿನವರೇ ಫೋನ್ ಮಾಡಿ ಕೊಡುತ್ತಾರೆ. ಮೇಲಿನ ಲೆಕ್ಕದಲ್ಲಿ ಆ ಕಂತಿಗೆ ಜಾಗ ಎಲ್ಲಿದೆ ಹೇಳಿ. ಬದಲಿಗೆ ವಸತಿ ಭತ್ಯೆಯನ್ನು ಆರು ತಿಂಗಳದ್ದೋ ವರ್ಷದ್ದೋ ಮುಂಗಡ ಕೊಡುವಿರಾ ಎಂದು ಯಜಮಾನರು ಕಂಪನಿಯನ್ನು ಕೇಳಲಿ. ಅಲ್ಲಿ ಅದು ರೂಢಿಯಲ್ಲಿದೆ. ಸಂಬಳ ಬಂದ ದಿನವೇ ಬಾಡಿಗೆಯ ಪಾಲನ್ನು ಬೇರೆ ಖಾತೆಗೆ ಹಾಕಿಬಿಡಿ. ದುಡ್ಡಿಲ್ಲದೆ ಚೆಕ್ ಬೌನ್ಸ್ ಆದರೆ 2022ರಿಂದ ಬಹುಪಾಲು ಸಂದರ್ಭದಲ್ಲಿ ಪೊಲೀಸ್ ಕೇಸಿಲ್ಲ, ನಿಜ. ಆದರೆ ಮಾಲೀಕರು ಆ ಚೆಕ್ಕನ್ನೇ ಹಿಡಿದು ನೇರವಾಗಿ ವಸೂಲಿ ನ್ಯಾಯಾಲಯಕ್ಕೆ ಹೋಗಬಹುದು.

ಇನ್ನೊಂದು ಮಾತು, ದುಡ್ಡಿಗಿಂತ ಮೊದಲು ಕಾಗದ. ವಿವಾಹ ಪ್ರಮಾಣಪತ್ರ, ಮಗನ ಜನನ ಪ್ರಮಾಣಪತ್ರಗಳಿಗೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿಯ ಮುದ್ರೆಗಳು ಇದೇ ಕ್ರಮದಲ್ಲಿ ಬೀಳಬೇಕು; ಆಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯದು. ಪಾಸ್‌ಪೋರ್ಟಿನಲ್ಲಿ ಹೆಸರಿನ ಮುಂದೆ ಇನಿಷಿಯಲ್, ವಿವಾಹ ಪತ್ರದಲ್ಲಿ ಅದನ್ನೇ ಬಿಡಿಸಿ ಬರೆದ ಹೆಸರು — ಇಷ್ಟಕ್ಕೇ ತಿಂಗಳುಗಟ್ಟಲೆ ನಿಲ್ಲುವುದುಂಟು. ಊರಲ್ಲಿರುವಾಗಲೇ ತಿದ್ದಿಸಿಕೊಳ್ಳಿ. ಶಾಲೆಯ ವರ್ಗಾವಣೆ ಪತ್ರಕ್ಕೆ ಯಾವ ಮುದ್ರೆ ಬೇಕು ಎಂದು ಸೇರಿಸುವ ಶಾಲೆಯನ್ನೇ ಕೇಳಿ. ಸಿಬಿಎಸ್‌ಇ ಶಾಲೆಗಳ ವರ್ಷ ಅಲ್ಲೂ ಏಪ್ರಿಲ್‌ನಿಂದ ಶುರು. ಸಮವಸ್ತ್ರ, ಪುಸ್ತಕ, ಮೊದಲ ಕಂತಿನ ಫೀಸು ಮೂರೂ ಒಟ್ಟಿಗೆ ಬರುತ್ತವೆ. ಅದೇ ತಿಂಗಳು ಬಾಡಿಗೆ ಚೆಕ್ಕೂ ಬೀಳದಂತೆ ಕರಾರಿನ ತಾರೀಕು ನೋಡಿಕೊಳ್ಳಿ.

ಪ್ರಶ್ನೆ: ಚಳಿಗಾಲದಲ್ಲಿ 500 ದಿರ್ಹಂ ಇದ್ದ ಕರೆಂಟ್ ಬಿಲ್ ಜುಲೈನಲ್ಲಿ 1,000 ದಾಟಿತು. ಮೀಟರ್ ಕೆಟ್ಟಿದೆಯೇ? 'ಚಿಲ್ಲರ್ ಫ್ರೀ' ಮನೆಗೆ ಹೋಗುವುದು ಲಾಭವೇ?
— ಓದುಗರು, ದುಬೈ

ಉತ್ತರ: ಮೀಟರ್ ಸರಿಯಾಗಿಯೇ ಇರಬಹುದು. ತಿಂಗಳ ಮೊದಲ 2,000 ಯೂನಿಟ್‌ವರೆಗೆ ಯೂನಿಟ್ಟಿಗೆ 23 ಫಿಲ್ಸ್ (ನೂರು ಫಿಲ್ಸ್ ಸೇರಿದರೆ ಒಂದು ದಿರ್ಹಂ), ಅದರಾಚೆಗೆ 28, ಮತ್ತೂ ಮೇಲೆ 32 ಮತ್ತು 38. ಇದರ ಮೇಲೆ ಇಂಧನದ ಹೆಚ್ಚುವರಿ ದರ, ವ್ಯಾಟ್. ಎಸಿ ಹಗಲೂ ರಾತ್ರಿ ಓಡುವಾಗ ದುಬಾರಿ ಮೆಟ್ಟಿಲು ಹತ್ತುವುದು ಗೊತ್ತೇ ಆಗುವುದಿಲ್ಲ. ಪರೀಕ್ಷೆ ಸುಲಭ: ಮನೆಯ ಎಲ್ಲ ಸ್ವಿಚ್ ಆರಿಸಿ ಮೀಟರ್ ನೋಡಿ, ಆಗಲೂ ಓಡುತ್ತಿದ್ದರೆ ದೂರು ಕೊಡಿ.

ಎಸಿ 24 ಡಿಗ್ರಿಗಿಂತ ಕೆಳಗೆ ಬೇಡ. ಆ ಊರಿನ ಧೂಳಿಗೆ ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆಯಬೇಕು. ಕಟ್ಟಿಕೊಂಡ ಫಿಲ್ಟರಿನ ಎಸಿ ತಂಪು ಕೊಡದೆ ಕರೆಂಟ್ ಮಾತ್ರ ಕುಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೀಸರ್ ಪೂರ್ತಿ ಆರಿಸಿಡಿ. ಮಾಳಿಗೆಯ ಟ್ಯಾಂಕಿನ ನೀರು ತಣ್ಣೀರಿನ ನಲ್ಲಿಯಲ್ಲೇ ಸುಡುತ್ತ ಬರುತ್ತದೆ. ಆರಿಸಿಟ್ಟ ಗೀಸರಿನೊಳಗಿನ ನೀರು ಮನೆಯ ಒಳಗಿದ್ದು ತಣಿದಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬಿಸಿನೀರಿನ ನಲ್ಲಿಯೇ ತಣ್ಣೀರಿನದು.

ಚಿಲ್ಲರ್ ಫ್ರೀ ಎಂದರೆ ತಂಪಿನ ಖರ್ಚು ಮಾಲೀಕರದು, ಆ ಮೊತ್ತ ಬಾಡಿಗೆಯಲ್ಲೇ ಕೂತಿರುತ್ತದೆ. ಎರಡು ಮನೆಗಳ ವರ್ಷದ ಬಾಡಿಗೆಯ ವ್ಯತ್ಯಾಸವನ್ನು ವರ್ಷದ ಎಸಿ ಖರ್ಚಿನ ಜೊತೆ ತೂಗಿ ನೋಡಿ. ಹೆಚ್ಚು ಎಚ್ಚರ ಬೇಕಾದ್ದು ಮೂರನೆಯ ಬಗೆಯಲ್ಲಿ, ಅಂದರೆ ಬೇರೆ ಕಂಪನಿಯ ತಂಪು ನೀರಿನ ಕೊಳವೆ ಬರುವ ಕಟ್ಟಡಗಳಲ್ಲಿ. ಅಲ್ಲಿ ಪ್ರತ್ಯೇಕ ಠೇವಣಿ, ಪ್ರತ್ಯೇಕ ಬಿಲ್. ಮನೆಗೆ ಬೀಗ ಹಾಕಿ ಊರಿಗೆ ಬಂದರೂ ನಿಗದಿತ ಶುಲ್ಕ ನಿಲ್ಲುವುದಿಲ್ಲ. ಸಹಿ ಹಾಕುವ ಮೊದಲು ಹಿಂದಿನ ಬಾಡಿಗೆದಾರರ ಒಂದು ಆಗಸ್ಟ್ ಬಿಲ್ ತೋರಿಸಿ ಎಂದು ಕೇಳಿ. ರಜೆಗೆ ಹೋಗುವಾಗ ಎಸಿಯನ್ನು ಪೂರ್ತಿ ಆರಿಸುವುದೂ ತಪ್ಪು. ಸೆಕೆಗೆ ಗೋಡೆ, ಬಟ್ಟೆ, ಸೋಫಾಕ್ಕೆ ಬೂಷ್ಟು ಹಿಡಿಯುತ್ತದೆ. 28 ಡಿಗ್ರಿಯ ಆಸುಪಾಸಿಗೆ ಇಟ್ಟು ಹೊರಡಿ.

ಪ್ರಶ್ನೆ: ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ಅಲ್ಲಿದ್ದು ದುಬೈಗೆ ಓಡಾಡಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಸಾವಿರಾರು ಜನ ಓಡಾಡುತ್ತಾರೆ. ಆದರೆ ಶಾರ್ಜಾಕ್ಕೆ ಮೆಟ್ರೊ ಇಲ್ಲ, ಬೆಳಗ್ಗೆ ದುಬೈ ದಿಕ್ಕಿನ ರಸ್ತೆ ನಿಂತೇ ಇರುತ್ತದೆ. ಕಾರು ಕೊಳ್ಳಲೇಬೇಕಾಗಿ ಬಂದರೆ ಬಾಡಿಗೆಯಲ್ಲಿ ಉಳಿದದ್ದು ಕಾರಿನ ಕಂತು, ಪೆಟ್ರೋಲ್, ವಿಮೆ, ಪಾರ್ಕಿಂಗ್, ಸಾಲಿಕ್ ಟೋಲ್‌ಗೆ ಹೋಗುತ್ತದೆ. 2025ರ ಜನವರಿ ಕೊನೆಯಿಂದ ಸಾಲಿಕ್ ದಟ್ಟಣೆಯ ಹೊತ್ತಿನಲ್ಲಿ ಒಂದು ಗೇಟಿಗೆ 6 ದಿರ್ಹಂ, ಉಳಿದ ಹೊತ್ತು 4. ರಾತ್ರಿ 1ರಿಂದ 6ರವರೆಗೆ ಮಾತ್ರ ಇಲ್ಲ. ದಿನಕ್ಕೆ ಎರಡು ಗೇಟು, ತಿಂಗಳಿಗೆ 22 ದಿನ ಎಂದರೆ 264 ದಿರ್ಹಂ. ಕೆಲಸ ಶಾರ್ಜಾಕ್ಕೆ ಹತ್ತಿರದ ದೇರಾ, ಖುಸೈಸ್ ಕಡೆಗಿದ್ದು ಕಂಪನಿಯ ಬಸ್ ಇದ್ದರೆ ಶಾರ್ಜಾ ಲಾಭ. ದುಬೈಯ ಇನ್ನೊಂದು ತುದಿಯ ಜೆಬೆಲ್ ಅಲಿಯಲ್ಲಿ ಕೆಲಸವಾದರೆ ಆ ಆಸೆ ಬಿಡಿ.

ಪ್ರಶ್ನೆ: ನಮ್ಮ ಬಾಡಿಗೆ 52,000. ಕರಾರು ಮುಗಿಯಲು 40 ದಿನ ಇರುವಾಗ, ಮುಂದಿನ ವರ್ಷಕ್ಕೆ 60,000 ಕೊಡಿ, ಇಲ್ಲವೇ ಖಾಲಿ ಮಾಡಿ ಎಂದು ಏಜೆಂಟ್ ವಾಟ್ಸ್‌ಆ್ಯಪ್ ಮಾಡಿದ್ದಾರೆ.
— ಓದುಗರು, ದುಬೈ

ಉತ್ತರ: ಹೆದರಬೇಡಿ. ಬಾಡಿಗೆ ಸೇರಿ ಕರಾರಿನ ಯಾವ ಷರತ್ತು ಬದಲಿಸಬೇಕಿದ್ದರೂ, ಕರಾರಿನಲ್ಲೇ ಬೇರೆ ಅವಧಿ ಬರೆದಿಲ್ಲದಿದ್ದರೆ, 90 ದಿನ ಮೊದಲೇ ತಿಳಿಸಬೇಕು. 40 ದಿನಕ್ಕೆ ಬಂದ ಬೇಡಿಕೆಯನ್ನು ನೀವು ಒಪ್ಪಬೇಕಿಲ್ಲ.

ಸಮಯಕ್ಕೆ ತಿಳಿಸಿದ್ದರೂ ಮನಸ್ಸಿಗೆ ಬಂದಷ್ಟು ಏರಿಸುವಂತಿಲ್ಲ. 2013ರ 43ನೇ ಆದೇಶದ ಪ್ರಕಾರ ನಿಮ್ಮ ಬಾಡಿಗೆ ಅಧಿಕೃತ ಬಾಡಿಗೆ ಸೂಚ್ಯಂಕದ ಸರಾಸರಿಗಿಂತ ಶೇ. 10ರವರೆಗೆ ಕಡಿಮೆಯಿದ್ದರೆ ಏರಿಕೆಯೇ ಇಲ್ಲ, ಶೇ. 11ರಿಂದ 20 ಕಡಿಮೆಯಿದ್ದರೆ ಶೇ. 5, 21ರಿಂದ 30 ಇದ್ದರೆ ಶೇ. 10, 31ರಿಂದ 40 ಇದ್ದರೆ ಶೇ. 15, ಅದಕ್ಕೂ ಕಡಿಮೆಯಿದ್ದರೆ ಹೆಚ್ಚೆಂದರೆ ಶೇ. 20. ನಿಮ್ಮ ಕಟ್ಟಡಕ್ಕೆ ಸೂಚ್ಯಂಕ 62,000 ತೋರಿಸಿತು ಎನ್ನಿ. ನೀವು ಶೇ. 16ರಷ್ಟು ಕೆಳಗಿದ್ದೀರಿ. ಏರಿಕೆ 2,600 ಮಾತ್ರ, ಹೊಸ ಬಾಡಿಗೆ 54,600. ದುಬೈ ಭೂ ಇಲಾಖೆಯ ಜಾಲತಾಣದಲ್ಲಿ ಸೂಚ್ಯಂಕ ತೆಗೆದು, ಆ ಪುಟವನ್ನೇ ಏಜೆಂಟರಿಗೆ ಕಳಿಸಿ. ಬಹುಪಾಲು ಮಾತು ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಬಾಡಿಗೆ ವ್ಯಾಜ್ಯ ಕೇಂದ್ರವಿದೆ. ಶುಲ್ಕ ವರ್ಷದ ಬಾಡಿಗೆಯ ಶೇ. 3.5, ನಿಮಗೆ 1,820 ದಿರ್ಹಂ ಆಗುತ್ತದೆ. ಮಾಲೀಕರಿಗೆ ಸ್ವಂತಕ್ಕೆ ಬೇಕು ಅಥವಾ ಮಾರಬೇಕು ಎಂದಾದರೆ 12 ತಿಂಗಳ ನೋಟಿಸ್ ನೋಟರಿ ಮೂಲಕ ಅಥವಾ ನೋಂದಾಯಿತ ಅಂಚೆಯಲ್ಲಿ ಬರಬೇಕು. ವಾಟ್ಸ್‌ಆ್ಯಪ್ ನೋಟಿಸಲ್ಲ.

ಪ್ರಶ್ನೆ: 12,000 ಸಂಬಳಕ್ಕೆ ಗ್ರಾಚ್ಯುಟಿ ಎಷ್ಟು ಬರುತ್ತದೆ?
— ಓದುಗರು, ಪುತ್ತೂರು

ಉತ್ತರ: 12,000ಕ್ಕೆ ಅಲ್ಲ, ಮೂಲ ವೇತನಕ್ಕೆ. ಮೊದಲ ಐದು ವರ್ಷ ವರ್ಷಕ್ಕೆ 21 ದಿನ, ಆಮೇಲೆ 30 ದಿನದ ಲೆಕ್ಕ. ಆಫರ್ ಲೆಟರಿನಲ್ಲಿ ಮೂಲ ವೇತನ 5,000 ಎಂದಿದ್ದು ಉಳಿದದ್ದು ಭತ್ಯೆಯಾದರೆ ವರ್ಷಕ್ಕೆ ಸಿಗುವುದು 3,500. ಒಂದು ವರ್ಷ ತುಂಬುವ ಮೊದಲೇ ಬಿಟ್ಟರೆ ಏನೂ ಇಲ್ಲ. ಕೆಲಸ ಹೋದಾಗಿನ ಕಡ್ಡಾಯ ವಿಮೆಯೂ (ಮೂಲ ವೇತನ 16,000ದವರೆಗೆ ತಿಂಗಳಿಗೆ 5 ದಿರ್ಹಂ) ಮೂಲ ವೇತನದ ಶೇ. 60ನ್ನೇ ಕೊಡುವುದು, ಅದೂ ಮೂರು ತಿಂಗಳು. ಸಹಿ ಮಾಡುವಾಗ ಒಟ್ಟು ಮೊತ್ತಕ್ಕಿಂತ ಮೂಲ ವೇತನದ ಬಗ್ಗೆ ಚೌಕಾಸಿ ಮಾಡಿ.

ಪ್ರಶ್ನೆ: ಊರಿನ ಬ್ಯಾಂಕ್ ಖಾತೆ ಹಾಗೇ ಇಟ್ಟುಕೊಳ್ಳಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಕೆಲಸಕ್ಕೆಂದು ಹೊರಟ ಮೇಲೆ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರ ಎನ್‌ಆರ್‌ಒ ಖಾತೆ ಮಾಡಿಸಬೇಕು. ಊರಿನ ಮನೆ ಬಾಡಿಗೆ, ಅಡಿಕೆ ದುಡ್ಡು ಅದಕ್ಕೆ ಬರಲಿ. ಅದರ ಬಡ್ಡಿಗೆ ಬ್ಯಾಂಕು ಶೇ. 30ಕ್ಕಿಂತ ತುಸು ಹೆಚ್ಚೇ ತೆರಿಗೆ ಹಿಡಿಯುತ್ತದೆ. ಸಂಬಳದ ದುಡ್ಡಿಗೆ ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಹಳೆಯ ಪಿಪಿಎಫ್ ಅವಧಿ ಮುಗಿಯುವವರೆಗೆ ನಡೆಸಬಹುದು, ಹೊಸದು ತೆರೆಯುವಂತಿಲ್ಲ. ದುಡ್ಡು ಕಳಿಸುವಾಗ 'ಶುಲ್ಕವಿಲ್ಲ' ಎಂಬ ಬೋರ್ಡು ನೋಡಬೇಡಿ. 1,000 ದಿರ್ಹಂ ಕೊಟ್ಟರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ಎರಡು ಮೂರು ಕಡೆ ಕೇಳಿ.

ಪ್ರಶ್ನೆ: ಖರ್ಚು ಉಳಿಸಲು ಊರಿನಿಂದ ಏನೇನು ಒಯ್ಯಬೇಕು?
— ಓದುಗರು, ಕುಂದಾಪುರ

ಉತ್ತರ: ಕುಕ್ಕರ್, ಇಡ್ಲಿ ಪಾತ್ರೆ, ಮಿಕ್ಸಿ ಒಯ್ಯಿರಿ. ವೋಲ್ಟೇಜ್ ನಮ್ಮದೇ, ಆದರೆ ಪ್ಲಗ್ಗಿನ ಪಿನ್ ಚಪ್ಪಟೆ, ಪ್ಲಗ್ ಬದಲಿಸಬೇಕು. ಅಕ್ಕಿ ಬೇಳೆಗೆ ಲಗೇಜ್ ತೂಕ ಕೊಡಬೇಡಿ. ಕರಾಮಾದ ಅಂಗಡಿಗಳಲ್ಲಿ ಕುಚ್ಚಲಕ್ಕಿಯಿಂದ ಹಪ್ಪಳದವರೆಗೆ ಸಿಗುತ್ತದೆ, ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ಟಿನಲ್ಲಿ ಬಂಗುಡೆ, ಅಂಜಲ್ ಸಿಗುತ್ತವೆ. ದಿನನಿತ್ಯದ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಒಯ್ಯಿರಿ. ಕೊಡೈನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗೆ ಅಲ್ಲಿನ ಆರೋಗ್ಯ ಇಲಾಖೆಯ ಪೂರ್ವಾನುಮತಿ ಬೇಕು. ಗಸಗಸೆ ಮಾತ್ರ ಒಂದು ಕಾಳೂ ಬೇಡ. ಅಲ್ಲಿ ಅದು ನಿಷೇಧಿತ ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಅಮ್ಮ ಕಟ್ಟಿಕೊಟ್ಟ ಮಸಾಲೆ ಪುಡಿಯಲ್ಲಿ ಗಸಗಸೆ ಸೇರಿದೆಯೇ ಎಂದು ಕೇಳಿಕೊಂಡೇ ಪೆಟ್ಟಿಗೆಗೆ ಹಾಕಿ.