ಹೊಸ ಮರಿಗೆ ‘ಯಜಮಾನಿಕೆ’ ತೋರಿಸಬೇಕೇ?

ಪ್ರಶ್ನೆ: ಎರಡು ತಿಂಗಳ ಮುಧೋಳ ಹೆಣ್ಣು ಮರಿ ತಂದಿದ್ದೇವೆ. ಮನೆ ತುಂಬ ಉಚ್ಚೆ ಹೊಯ್ಯುತ್ತದೆ, ಲುಂಗಿ, ಕೈಬೆರಳು ಏನು ಸಿಕ್ಕರೂ ಕಚ್ಚುತ್ತದೆ. ‘ನಾಯಿ ತೋಳದ ಜಾತಿ. ಯಜಮಾನ ಯಾರು ಅಂತ ಮೊದಲೇ ತೋರಿಸಿ. ಉಚ್ಚೆಯಲ್ಲಿ ಮೂತಿ ಉಜ್ಜಿ, ಕಚ್ಚಿದರೆ ಅಂಗಾತ ಕೆಡವಿ ಅದುಮಿ ಹಿಡಿಯಿರಿ’ ಎನ್ನುತ್ತಾರೆ ಪಕ್ಕದ ಮನೆಯವರು. ಸರಿಯೇ?
– ಓದುಗರು, ಬಾಗಲಕೋಟೆ

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ.

ನಾಯಿ ತೋಳದಿಂದ ಬಂದದ್ದು ನಿಜ. ಆದರೆ ‘ಯಜಮಾನ ತೋಳ’ದ ಮಾತು ಹುಟ್ಟಿದ್ದು ಕಾಡಿನಲ್ಲಲ್ಲ. 1947ರಲ್ಲಿ ಪ್ರಾಣಿಗಳ ನಡವಳಿಕೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಬರೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಬಗ್ಗೆ. ದೂರ ಹೋಗಲು ಜಾಗವಿಲ್ಲದ ಪ್ರಾಣಿಗಳು ಕಾದಾಡುವುದು ಸಹಜ. ಕಾಡುತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಡೇವಿಡ್ ಮೆಕ್ 1999ರಲ್ಲಿ ಇದನ್ನು ತಿದ್ದಿದರು: ಸಾಮಾನ್ಯವಾಗಿ ತೋಳದ ಹಿಂಡೆಂದರೆ ಅಪ್ಪ, ಅಮ್ಮ, ಮಕ್ಕಳ ಒಂದು ಸಂಸಾರ. ಅಲ್ಲದೆ ನಾಯಿ ಮನುಷ್ಯರ ಜೊತೆಗೆ ಬಂದು ಕನಿಷ್ಠ 14,000 ವರ್ಷವಾಗಿದೆ. ರೊಟ್ಟಿ, ಅನ್ನದ ಪಿಷ್ಟ ಅರಗಿಸಲು ನೆರವಾಗುವ ಒಂದು ಜೀನ್ ತೋಳದಲ್ಲಿ ಸಾಮಾನ್ಯವಾಗಿ ಎರಡು ಪ್ರತಿ ಇದ್ದರೆ, ಹೆಚ್ಚಿನ ನಾಯಿಗಳಲ್ಲಿ ಅದರ ಹಲವು ಪಟ್ಟು ಇದೆ. ನಮ್ಮ ಒಲೆಯ ಪಕ್ಕದಲ್ಲೇ ಬೆಳೆದ ಪ್ರಾಣಿ ಇದು. ಅಂಗಾತ ಕೆಡವಿದರೆ ಮರಿ ಕಲಿಯುವುದು ಒಂದೇ: ಈ ಕೈ ಹತ್ತಿರ ಬಂದರೆ ಅಪಾಯ. ಮುಂದೆ ಅದೇ ಕೈಗೆ ಹೆದರಿ ಕಚ್ಚುತ್ತದೆ.

ಉಚ್ಚೆಯ ವಿಷಯಕ್ಕೆ ಬನ್ನಿ. ಎರಡು ತಿಂಗಳ ಮರಿ ಎಚ್ಚರವಿದ್ದಾಗ ಒಂದು ಗಂಟೆ ತಡೆದುಕೊಂಡರೇ ಹೆಚ್ಚು. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಹತ್ತಿಪ್ಪತ್ತು ನಿಮಿಷದೊಳಗೆ, ಆಟ ನಿಂತ ತಕ್ಷಣ, ಉಳಿದಂತೆ ಗಂಟೆಗೊಮ್ಮೆ ಅಂಗಳಕ್ಕೆ ಒಯ್ಯಿರಿ. ನಡೆಸಿಕೊಂಡು ಹೋದರೆ ಹೊಸ್ತಿಲಲ್ಲೇ ಕೂರುತ್ತದೆ, ಆದ್ದರಿಂದ ಎತ್ತಿಕೊಂಡೇ ಹೋಗಿ. ದಿನವೂ ಒಂದೇ ಜಾಗದಲ್ಲಿ ಇಳಿಸಿ, ಮಾತಾಡಿಸದೆ ನಿಲ್ಲಿ. ನೆಲ ಮೂಸುತ್ತ ಒಂದು ಸುತ್ತು ತಿರುಗಿ ಹಿಂಗಾಲು ಮಡಿಸಿತೆಂದರೆ ಕೆಲಸ ಶುರುವಾಯಿತು. ಮುಗಿಸಿದ ಒಂದೆರಡು ಸೆಕೆಂಡಿನಲ್ಲಿ, ಅಲ್ಲಿಯೇ, ಕಡಲೆಕಾಳಿನಷ್ಟು ಬೇಯಿಸಿದ ಕೋಳಿ ತುಂಡು ಕೊಡಿ. ಹೆಚ್ಚಿನವರು ಎಡವುವುದು ಇಲ್ಲೇ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತದೆ. ಉಚ್ಚೆ ಆದದ್ದೇ ತಡ ಒಳಗೆ ಎಳೆದುತಂದರೆ ಹೊರಗಿನ ಆಟ ತಪ್ಪುತ್ತದೆಂದು ತಡೆಹಿಡಿಯಲು ಕಲಿಯುತ್ತದೆ. ಐದು ನಿಮಿಷ ಹೊರಗೇ ಆಡಿಸಿ ಆಮೇಲೆ ತನ್ನಿ. ರಾತ್ರಿ ಒಂದೆರಡು ಸಲ ನೀವು ಏಳಲೇಬೇಕು.

ಮನೆಯೊಳಗೆ ಹೊಯ್ದಿದ್ದು ಆಮೇಲೆ ಕಂಡರೆ ಬೈದು ಉಪಯೋಗವಿಲ್ಲ, ಸುಮ್ಮನೆ ಒರೆಸಿ. ಫಿನಾಯಿಲ್ ಬೇಡ. ಮರಿ ಪಾದ ನೆಕ್ಕುವುದರಿಂದ ಅದು ಹೊಟ್ಟೆ ಸೇರುತ್ತದೆ. ವಾಸನೆ ಪೂರ್ತಿ ಹೋಗದಿದ್ದರೆ ಮರಿ ಮತ್ತೆ ಅಲ್ಲಿಗೇ ಬರುತ್ತದೆ. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎಂಜೈಮ್ ದ್ರಾವಣ ಒಳ್ಳೆಯದು. ಇಲ್ಲದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಗ್ರಾನೈಟ್, ಮಾರ್ಬಲ್ ನೆಲಕ್ಕೆ ಮಾತ್ರ ವಿನೆಗರ್ ತಾಗಿಸಬೇಡಿ, ಹೊಳಪು ಹೋಗುತ್ತದೆ.

ಕಚ್ಚುವುದು ಸಿಟ್ಟಲ್ಲ. ಅಣ್ಣತಮ್ಮಂದಿರ ಜೊತೆ ಅದು ಆಡಿದ್ದೇ ಹಾಗೆ. ಮೂರೂವರೆ, ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳತೊಡಗಿದಾಗ ಇನ್ನೂ ಜಾಸ್ತಿಯಾಗಿ ಆರು, ಏಳು ತಿಂಗಳ ಹೊತ್ತಿಗೆ ತಗ್ಗುತ್ತದೆ. ಹಲ್ಲು ತಾಗಿದಾಗ ಕೈ ಸರಕ್ಕನೆ ಎಳೆದುಕೊಳ್ಳಬೇಡಿ. ಮುಧೋಳ ಕಣ್ಣಿಟ್ಟು ಬೇಟೆಯಾಡುವ ತಳಿ, ಸರಿದದ್ದನ್ನು ಹಿಡಿಯುವುದು ಅದರ ರಕ್ತದಲ್ಲೇ ಇದೆ. ನಡೆಯುವಾಗ ಹಾರಾಡುವ ನಿಮ್ಮ ಲುಂಗಿಯಂಚು ಅದರ ಪಾಲಿಗೆ ಓಡುವ ಮೊಲ. ಕೈ ಸಡಿಲ ಬಿಟ್ಟು, ಎದ್ದು, ಹದಿನೈದು ಸೆಕೆಂಡು ಬೆನ್ನು ತಿರುಗಿಸಿ ನಿಲ್ಲಿ. ಆಮೇಲೆ ಗಂಟು ಹಾಕಿ ನೆನೆಸಿ ಫ್ರೀಜರ್‌ನಲ್ಲಿಟ್ಟ ದಪ್ಪ ಬಟ್ಟೆ ಕೊಡಿ, ಒಸಡಿಗೆ ಹಿತ. ಬಟ್ಟೆ ಹರಿದು ನುಂಗದಂತೆ ಪಕ್ಕದಲ್ಲೇ ಇರಿ. ಮನೆಯವರೆಲ್ಲ ಹೀಗೇ ಮಾಡಬೇಕು. ಒಬ್ಬರು ಕೈಯಾಡಿಸಿ ಆಟ ಕಟ್ಟಿದರೆ ಉಳಿದವರ ಶ್ರಮ ನೀರುಪಾಲು. ಸಂಜೆ ಹುಚ್ಚು ಹಿಡಿದ ಹಾಗೆ ಓಡಿ ಕಚ್ಚುತ್ತಿದ್ದರೆ ಬಹುತೇಕ ನಿದ್ದೆ ಸಾಲದೆ. ಈ ವಯಸ್ಸಿನಲ್ಲಿ ದಿನಕ್ಕೆ ಸುಮಾರು 18 ಗಂಟೆ ನಿದ್ದೆ ಬೇಕು.

ಚರ್ಮ ತೂತಾಗಿ ರಕ್ತ ಬಂದರೆ ಮರಿಯೆಂದು ತಾತ್ಸಾರ ಮಾಡದೆ, ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಿ.

ಮುಧೋಳ ಸಾಕುವವರಿಗೆ ಇನ್ನೊಂದು ಮಾತು. ಬೇಟೆಯ ಹಿಂದೆ ಬಿದ್ದರೆ ಅದಕ್ಕೆ ನಿಮ್ಮ ಕೂಗು ಕೇಳಿಸುವುದಿಲ್ಲ. ಆತಕೂರು ಶಾಸನದ ಕಾಳಿಯನ್ನು ನೆನೆಯಿರಿ. ಕ್ರಿ.ಶ. 949–50ರ ಆ ಕಲ್ಲಿನಲ್ಲಿ ಹಂದಿಯ ಜೊತೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತ ನಾಯಿಯ ಹೆಸರಿದೆ. ಇಂಥ ನಾಯಿಗೆ ‘ಬಾ’ ಎಂಬುದನ್ನು ಈಗಲೇ ಕಲಿಸಬೇಕು: ಮನೆಯೊಳಗೆ ಎರಡು ಹೆಜ್ಜೆ ದೂರದಿಂದ ಹೆಸರು ಕರೆದು, ಬಂದರೆ ತಿನಿಸು. ಒಂದು ಸಲಕ್ಕೆ ಐದು ಬಾರಿ, ದಿನಕ್ಕೆ ಮೂರು ಸಲ. ಬೈಯಲು, ಸ್ನಾನ ಮಾಡಿಸಲು ಎಂದೂ ಹೆಸರು ಕರೆಯಬೇಡಿ, ನೀವೇ ಹೋಗಿ ಎತ್ತಿಕೊಳ್ಳಿ. ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚಬೇಡಿ.

ಪ್ರಶ್ನೆ: ಲಸಿಕೆ ಪೂರ್ತಿಯಾಗುವ ತನಕ ಮರಿಯನ್ನು ಹೊರಗೆ ತರಲೇಬಾರದೇ?
– ಓದುಗರು, ಮೈಸೂರು

ಉತ್ತರ: ತನ್ನಿ, ಆದರೆ ನೆಲಕ್ಕಿಳಿಸಬೇಡಿ. ಮೂರರಿಂದ ಸುಮಾರು ಹದಿನಾಲ್ಕು ವಾರದೊಳಗೆ ಕಂಡದ್ದು, ಕೇಳಿದ್ದು ಮರಿಗೆ ಒಗ್ಗುತ್ತದೆ. ಆಮೇಲೆ ಹೊಸದೆಲ್ಲ ಹೆದರಿಕೆ. ಎತ್ತಿಕೊಂಡು ಸಂತೆಯ ಅಂಚಿನಲ್ಲಿ ಹತ್ತು ನಿಮಿಷ ನಿಲ್ಲಿ: ಹೆಲ್ಮೆಟ್ ಹಾಕಿದವರು, ಕೊಡೆ, ಆಟೊ, ಮಕ್ಕಳು. ಬೀದಿನಾಯಿ ಓಡಾಡುವ ಮಣ್ಣಿನಲ್ಲಿ, ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಾಣು ತಿಂಗಳುಗಟ್ಟಲೆ ಉಳಿಯುತ್ತದೆ, ಅಲ್ಲಿ ಮಾತ್ರ ಬಿಡಬೇಡಿ. ನಿಮ್ಮದೇ ಅಂಗಳಕ್ಕೆ ಬೇರೆ ನಾಯಿ ಬಾರದಿದ್ದರೆ ತೊಂದರೆಯಿಲ್ಲ.

ಡಿಸ್ಟೆಂಪರ್ (ನಾಯಿಗಳಿಗೆ ಬರುವ ವೈರಾಣು ಕಾಯಿಲೆ), ಪಾರ್ವೊ ಲಸಿಕೆ 6–8 ವಾರಕ್ಕೆ ಶುರುಮಾಡಿ, 16 ವಾರದವರೆಗೆ 3–4 ವಾರಕ್ಕೊಮ್ಮೆ. ತಾಯಿಹಾಲಿನಿಂದ ಬಂದ ರಕ್ಷಣೆ ಮೊದಲ ಚುಚ್ಚುಮದ್ದನ್ನು ವ್ಯರ್ಥ ಮಾಡಬಹುದಾದ್ದರಿಂದ ಒಂದೇ ಸಲ ಕೊಡಿಸಿ ಬಿಡುವಂತಿಲ್ಲ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಡಿಸ್ಟೆಂಪರ್ ಹೊಸ ಕಾಯಿಲೆಯೇನಲ್ಲ. ಜರ್ಮನಿಯ ಬಾನ್-ಒಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸಿಕ್ಕ, 14,000 ವರ್ಷಕ್ಕೂ ಹಳೆಯ ಸಮಾಧಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜೊತೆ ಸುಮಾರು ಏಳು ತಿಂಗಳ ನಾಯಿಮರಿಯೂ ಇತ್ತು. ಅದರ ಹಲ್ಲಿನ ಎನಾಮಲ್ ಮೇಲಿನ ಗೆರೆಗಳನ್ನು ನೋಡಿದ ಸಂಶೋಧಕರು ಅದಕ್ಕೆ ಡಿಸ್ಟೆಂಪರ್ ಬಂದಿದ್ದಿರಬೇಕು ಎನ್ನುತ್ತಾರೆ. ಅಷ್ಟು ಕಾಯಿಲೆ ಬಿದ್ದ ಮರಿ ವಾರಗಟ್ಟಲೆ ಬದುಕಿದ್ದರೆ ಯಾರೋ ನೀರು ಕುಡಿಸಿ, ಬೆಚ್ಚಗಿಟ್ಟು, ಮೈ ಒರೆಸಿರಬೇಕು.