ಕಂಪನಿ ಬೀಜ ಎತ್ತಿಟ್ಟು ಮತ್ತೆ ಬಿತ್ತಿದರೆ ಕೇಸು ಬೀಳುತ್ತದೆಯೇ?

ಮಳವಳ್ಳಿ ಕಡೆ ಎರಡು ಎಕರೆ ಭತ್ತ, ಒಂದು ಎಕರೆ ರಾಗಿ, ಎಚ್.ಡಿ. ಕೋಟೆಯಲ್ಲಿ ನೆಂಟರ ಹತ್ತಿ ಹೊಲ ಎಂದು ಬರೆದಿದ್ದೀರಿ. ಗೊಬ್ಬರದ ಅಂಗಡಿಯವರು ‘ಈಗ ಬರೋದೆಲ್ಲ ಜಿಎಂ ಬೀಜ, ಎತ್ತಿಟ್ಟರೆ ಮೊಳೆಯಲ್ಲ, ಮೊಳೆತರೂ ಕಂಪನಿ ಕೇಸು ಹಾಕುತ್ತೆ’ ಅಂದರಂತೆ. ಜಿಎಂ ಅಂದರೆ ಕುಲಾಂತರಿ, ಬೇರೆ ಜೀವಿಯ ಜೀನ್ ಸೇರಿಸಿದ ಬೀಜ. ಅಂಗಡಿಯವರ ಮೂರು ಮಾತೂ ತಪ್ಪು. ಹಾಗೆಂದು ಕಂಪನಿಗಳ ಹಿಡಿತ ಸುಳ್ಳಲ್ಲ. ಆದರೆ ಆ ಹಿಡಿತ ಇರುವುದು ಜೀನ್‌ನಲ್ಲೂ ಅಲ್ಲ, ಕೋರ್ಟಿನಲ್ಲೂ ಅಲ್ಲ, ಎರಡು ಬೇರೆ ಸಾಲುಗಳನ್ನು ಕೂಡಿಸಿ ಪಡೆಯುವ ಹೈಬ್ರಿಡ್‌ನ ತಾಯಿ-ತಂದೆ ಸಾಲುಗಳಲ್ಲಿ.

ಭಾರತದಲ್ಲಿ ರೈತರ ಹೊಲಕ್ಕೆ ಅನುಮತಿ ಪಡೆದು ಬಂದಿರುವ ಕುಲಾಂತರಿ ಬೆಳೆ ಹತ್ತಿ ಒಂದೇ, ಅದೂ 2002ರಿಂದ. ಹುಳಕ್ಕೆ ವಿಷವಾಗುವ ಬ್ಯಾಕ್ಟೀರಿಯಾ ಜೀನ್ ಸೇರಿಸಿದ ಬಿಟಿ ಬದನೆಗೆ 2009ರಲ್ಲಿ, ಕುಲಾಂತರಿ ಬೆಳೆಗಳನ್ನು ಪರಿಶೀಲಿಸುವ ಕೇಂದ್ರದ ಸಮಿತಿ ಜಿಇಎಸಿಯ ಒಪ್ಪಿಗೆ ಸಿಕ್ಕಿತ್ತು. ಬೆಂಗಳೂರೂ ಸೇರಿ ಏಳು ಕಡೆ ಸಾರ್ವಜನಿಕ ಸಭೆ ನಡೆಸಿದ ಮೇಲೆ, 2010ರ ಫೆಬ್ರವರಿಯಲ್ಲಿ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಅದನ್ನು ತಡೆಹಿಡಿದರು. ಮಂಡ್ಯದ ಅಂಗಡಿಯಲ್ಲಿ ಸಿಗುವ ಭತ್ತ, ರಾಗಿ, ಜೋಳ, ಟೊಮೆಟೊ ಯಾವುದೂ ಜಿಎಂ ಅಲ್ಲ. ಚೀಲ ಥಳಥಳ ಹೊಳೆದ ಮಾತ್ರಕ್ಕೆ, ಬೆಲೆ ಜಾಸ್ತಿಯಾದ ಮಾತ್ರಕ್ಕೆ ಜಿಎಂ ಆಗುವುದಿಲ್ಲ. ಬಹುತೇಕ ಅದು ಹೈಬ್ರಿಡ್ ಆಗಿರುತ್ತದೆ.

‘ಮೊಳೆಯಲ್ಲ’ ಅನ್ನುವ ಮಾತು ಎತ್ತಿಟ್ಟು ಬಿತ್ತಿದರೆ ಮೊಳೆಯದಂತೆ ಜೀನ್ ತಿದ್ದುವ 1998ರ ‘ಟರ್ಮಿನೇಟರ್’ ಬೀಜದ ಗದ್ದಲದಿಂದ ಉಳಿದುಕೊಂಡದ್ದು. ಆ ತಂತ್ರ ಜಗತ್ತಿನ ಯಾವ ಮಾರುಕಟ್ಟೆಗೂ ಬರಲಿಲ್ಲ. ನಮ್ಮಲ್ಲಂತೂ ಅಂಥ ತಳಿಯನ್ನು ನೋಂದಾಯಿಸುವುದನ್ನೇ ಕಾನೂನು ನಿಷೇಧಿಸಿದೆ. ಹೈಬ್ರಿಡ್ ಬೀಜ ಎತ್ತಿಟ್ಟರೆ ಚೆನ್ನಾಗಿಯೇ ಮೊಳೆಯುತ್ತದೆ, ತೊಂದರೆ ಶುರುವಾಗುವುದು ಆಮೇಲೆ.

ಇದಕ್ಕೆ ನಿಮ್ಮ ಜಿಲ್ಲೆಯದೇ ಉದಾಹರಣೆ ಇದೆ: ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಹೈಬ್ರಿಡ್ ಭತ್ತ ಕೆಆರ್‌ಎಚ್-2. ಇದರ ತಾಯಿ ಐಆರ್-58025ಎ, ಗಂಡು ಪರಾಗ ನಿಷ್ಫಲವಾದ ಸಾಲು. ತಂದೆ ಕೆಎಂಆರ್-3, ಫಲವತ್ತತೆಯನ್ನು ಮರಳಿ ಕೊಡುವ ಸಾಲು. ಎರಡರ ಮಿಲನದ ಮೊದಲ ತಲೆಮಾರು ಎಕರೆಪೂರ್ತಿ ಒಂದೇ ಎತ್ತರ, ಒಂದೇ ದಿನ ಹೊಡೆ. ಅದರ ಕಾಳನ್ನು ಮತ್ತೆ ಬಿತ್ತಿದರೆ ಗುಣಗಳು ಒಡೆದುಹೋಗುತ್ತವೆ. ಕೆಲವು ಪೈರು ಮೊಣಕಾಲುದ್ದ, ಕೆಲವು ಎದೆಯುದ್ದ. ಕೆಲವು ಬೇಗ ಮಾಗಿ ಉದುರುತ್ತವೆ, ಕೆಲವು ಇನ್ನೂ ಹಾಲುಗಾಳು. ಫಲವತ್ತತೆಯ ಜೀನ್ ಸಿಗದ ಪೈರಿನ ತೆನೆ ಪೂರಾ ಜೊಳ್ಳು. ಹಾಗಾಗಿ ಯಾರ ಕೈಯಲ್ಲಿ ಆ ಎರಡು ಸಾಲುಗಳಿವೆಯೋ ಅವರ ಬಳಿಗೆ ಪ್ರತಿ ವರ್ಷ ಹೋಗಲೇಬೇಕು. ಕೆಆರ್‌ಎಚ್-2ರ ಸಾಲುಗಳು ಸರ್ಕಾರಿ ಸಂಸ್ಥೆಗಳ ಕೈಯಲ್ಲಿವೆ. ಖಾಸಗಿ ಹೈಬ್ರಿಡ್‌ನ ಸಾಲುಗಳು ಕಂಪನಿಯ ಗುಟ್ಟು. ಪೇಟೆಂಟ್‌ಗಿಂತ ಗಟ್ಟಿಯಾದ ಬೀಗ ಇದು, ಏಕೆಂದರೆ ಇದಕ್ಕೆ ಅವಧಿ ಮುಗಿಯುವುದಿಲ್ಲ.

ಇನ್ನು ಕೇಸಿನ ಭಯ. ಪೇಟೆಂಟ್ ಕಾಯ್ದೆಯ 3(ಜೆ) ಪ್ರಕಾರ ಸಸ್ಯ, ಬೀಜ, ತಳಿಗಳಿಗೆ ಭಾರತದಲ್ಲಿ ಪೇಟೆಂಟ್ ಇಲ್ಲ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39(1)(iv) ಕಲಮು ಇನ್ನೂ ಸ್ಪಷ್ಟ: ಕಂಪನಿ ನೋಂದಾಯಿಸಿದ ತಳಿಯೇ ಆಗಿದ್ದರೂ ರೈತ ಅದರ ಬೀಜವನ್ನು ಎತ್ತಿಡಬಹುದು, ಬಿತ್ತಬಹುದು, ಅದಲುಬದಲು ಮಾಡಬಹುದು, ಮಾರಲೂಬಹುದು. ಒಂದೇ ಕಟ್ಟು, ಆ ತಳಿಯ ಹೆಸರು ಹಾಕಿ ಪ್ಯಾಕೆಟ್ ಮಾಡಿ ಬ್ರ್ಯಾಂಡ್ ಬೀಜದಂತೆ ಮಾರಬಾರದು. ಪಕ್ಕದ ಮನೆಯವರಿಗೆ ಗೋಣಿಚೀಲದಲ್ಲಿ ಅಳೆದು ಕೊಟ್ಟರೆ ಯಾವ ತಪ್ಪೂ ಇಲ್ಲ.

ಕೇಸು ಯಾರೂ ಹಾಕಿಲ್ಲವೆಂದಲ್ಲ. 2019ರಲ್ಲಿ ಪೆಪ್ಸಿಕೊ ಕಂಪನಿ ಎಫ್‌ಎಲ್-2027 ಆಲೂಗಡ್ಡೆ ಬೆಳೆದ ಗುಜರಾತಿನ ರೈತರ ಮೇಲೆ ದಾವೆ ಹೂಡಿತು, ದೇಶವೆಲ್ಲ ಗಲಾಟೆಯಾದ ಮೇಲೆ ಆ ವರ್ಷ ಮೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. 2021ರಲ್ಲಿ ರದ್ದಾಗಿದ್ದ ಆ ತಳಿಯ ನೋಂದಣಿಯ ಬಗ್ಗೆ 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿದೆ. ಆದರೆ ಅದು ನೋಂದಣಿ ಊರ್ಜಿತವೇ ಅನ್ನುವ ವ್ಯಾಜ್ಯ. 39ನೇ ಕಲಮು ಇದ್ದ ಹಾಗೇ ಇದೆ. ಎತ್ತಿಟ್ಟ ಬೀಜಕ್ಕೆ ದಂಡ ತೆತ್ತ ಕಥೆ ಅಮೆರಿಕದ್ದು. ಇಂಡಿಯಾನಾದ ಸೋಯಾ ರೈತ ಬೌಮನ್ 2013ರಲ್ಲಿ ಮಾನ್ಸಾಂಟೊ ಎದುರು ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅಲ್ಲಿಯ ಕಾನೂನನ್ನು ಇಲ್ಲಿಯ ಅಂಗಡಿ ಕಟ್ಟೆಯಲ್ಲಿ ಕೂತು ಹೇಳುವುದು ಬೀಜ ಮಾರುವವರಿಗೆ ಅನುಕೂಲ, ಅಷ್ಟೇ.

ನಿಮ್ಮ ನೆಂಟರ ಹತ್ತಿಗೆ ಬರೋಣ. ಅಲ್ಲಿ ಜಿಎಂ, ಹೈಬ್ರಿಡ್ ಎರಡೂ ಸೇರಿಕೊಂಡಿವೆ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಬಿಟಿ ಹತ್ತಿ ನೇರ ತಳಿಗಳಲ್ಲಿ (ಎತ್ತಿಟ್ಟು ಬಿತ್ತಿದರೂ ಗುಣ ಒಡೆಯದ ತಳಿಗಳಲ್ಲಿ) ಬಂತು, ನಮ್ಮಲ್ಲಿ ಹೈಬ್ರಿಡ್‌ಗಳಲ್ಲಿ ಬಂತು. ಹಾಗಾಗಿ ಜೀನ್ ಮೇಲಿನ ರಾಯಧನ (ಜೀನ್ ಕೊಟ್ಟ ಕಂಪನಿಗೆ ಸಲ್ಲುವ ಹಣ) ಹೋದರೂ ಹಿಡಿತ ಹೋಗಲಿಲ್ಲ. ಕೇಂದ್ರದ ಬೆಲೆ ನಿಯಂತ್ರಣ ಆದೇಶದಡಿ, ಎರಡು ಬಿಟಿ ಜೀನ್ ಇರುವ ಹತ್ತಿ ಬೋಲ್‌ಗಾರ್ಡ್-2ರ ಪೊಟ್ಟಣವೊಂದಕ್ಕೆ ರಾಯಧನ 2016ರಲ್ಲಿ 49 ರೂಪಾಯಿ ಇತ್ತು, 2018ರಲ್ಲಿ 39, 2019ರಲ್ಲಿ 20, 2020ರಲ್ಲಿ ಸೊನ್ನೆ. ಪೊಟ್ಟಣದ ಬೆಲೆ ಮಾತ್ರ 2020ರ 730ರಿಂದ 2025ಕ್ಕೆ 901 ರೂಪಾಯಿಗೆ ಏರಿತು, ವರ್ಷವರ್ಷ ಕೊಳ್ಳುವುದಂತೂ ತಪ್ಪಲಿಲ್ಲ.

ಬಿಟಿ ಹತ್ತಿಯ ಬೀಜ ಎತ್ತಿಟ್ಟು ಬಿತ್ತಬೇಡಿ. ಕಾನೂನಿನ ಭಯಕ್ಕಲ್ಲ. ಹೈಬ್ರಿಡ್‌ನಲ್ಲಿ ಬಿಟಿ ಜೀನ್ ಒಂದೇ ಕಡೆಯಿಂದ ಬಂದಿದ್ದರೆ, ಮುಂದಿನ ತಲೆಮಾರಿನಲ್ಲಿ ಪ್ರತಿ ಜೀನ್ ಕಾಲುಭಾಗ ಗಿಡಗಳಲ್ಲಿ ಇರುವುದೇ ಇಲ್ಲ. ಇದೇ ಕಾರಣಕ್ಕೆ ಮೊದಲ ವರ್ಷದ ಬೆಳೆಯಲ್ಲೂ ಒಂದೇ ಕಾಯಿಯೊಳಗೆ ವಿಷವಿರುವ ಬೀಜ, ಇಲ್ಲದ ಬೀಜ ಅಕ್ಕಪಕ್ಕ ಇರುತ್ತವೆ. ಕಾಯಿಯೊಳಗೇ ಬೀಜ ತಿಂದು ಬದುಕುವ ಗುಲಾಬಿ ಕಾಯಿಕೊರಕಕ್ಕೆ ಹದವಾಗಿ ವಿಷ ರೂಢಿ ಮಾಡಿಸಿದ್ದರಲ್ಲಿ ಇದರ ಪಾಲೂ ಇದೆ. ಆ ಹುಳ ಈಗ ಬೋಲ್‌ಗಾರ್ಡ್-2ಕ್ಕೂ ಬಗ್ಗುವುದಿಲ್ಲ. ಹುಳ ವಿಷಕ್ಕೆ ಬೇಗ ಒಗ್ಗದಿರಲೆಂದು ಪೊಟ್ಟಣದಲ್ಲೇ 5ರಿಂದ 10 ಶೇಕಡ ಬಿಟಿ ಅಲ್ಲದ ಬೀಜ ಬೆರೆಸಿರುತ್ತಾರೆ, ಅದು ಕಲಬೆರಕೆಯಲ್ಲ, ಆರಿಸಿ ಎಸೆಯಬಾರದು. ಕೊನೆಯ ಬಾರಿ ಹತ್ತಿ ಬಿಡಿಸಿದ ಕೂಡಲೇ ಗಿಡ ಕಿತ್ತುಬಿಡಲು ಹೇಳಿ; ಒಣಕಡ್ಡಿ ಹೊಲದ ಬದುವಿನಲ್ಲಿ ಬಿದ್ದಿದ್ದರೆ ಮುಂದಿನ ವರ್ಷದ ಹುಳಕ್ಕೆ ಮನೆ ಕಟ್ಟಿಕೊಟ್ಟಂತೆ. ‘ಕಳೆನಾಶಕ ತಡೆಯುವ ಹತ್ತಿ’ ಎಂದು ಬಿಲ್ ಇಲ್ಲದೆ ಮಾರುವ ಬೀಜಕ್ಕೆ ಅನುಮತಿಯೇ ಇಲ್ಲ. ಬೆಳೆ ಕೈಕೊಟ್ಟರೆ ದೂರು ಕೊಡಲು ಹಿಡಿ ಕಾಗದವೂ ಉಳಿಯದು.

ಈಗ ನಿಮ್ಮ ಕೈಲಿರುವುದು: ಭತ್ತ, ರಾಗಿ. ಎರಡೂ ತಮ್ಮದೇ ಹೂವಿನ ಪರಾಗದಿಂದ ಕಾಳು ಕಟ್ಟುವ (ಸ್ವಕೀಯ ಪರಾಗಸ್ಪರ್ಶದ) ಬೆಳೆಗಳು, ಬೆರಕೆಯಾಗುವುದು ಕಡಿಮೆ. ಎಂಟಿಯು-1001, ಎಂಟಿಯು-1010, ಬಿಆರ್-2655, ರಾಜಮುಡಿ, ರತ್ನಚೂಡಿ ಇವೆಲ್ಲ ನೇರ ತಳಿಗಳು. ಒಮ್ಮೆ ಒಳ್ಳೆಯ ಬೀಜ ತಂದು, ಮೂರು ನಾಲ್ಕು ವರ್ಷ ನೀವೇ ಕಾಪಾಡಿಕೊಳ್ಳಬಹುದು. ರಾಗಿಯಲ್ಲಿ ಜಿಪಿಯು-28, ಎಂಆರ್-6 ಎಲ್ಲವೂ ಹೀಗೆಯೇ.

ನಾಟಿ ಭತ್ತಕ್ಕೆ ಎಕರೆಗೆ 25 ಕಿಲೊ ಲೆಕ್ಕದಲ್ಲಿ ಎರಡು ಎಕರೆಗೆ 50 ಕಿಲೊ ಬೇಕು. ಗುಂಟೆಗೆ ಸುಮಾರು 50 ಕಿಲೊ ಬರುವ ಗದ್ದೆಯಾದರೆ ಬೀಜಕ್ಕೆಂದು ಎರಡು ಗುಂಟೆ ಬಿಟ್ಟರೆ ಧಾರಾಳ. ಗದ್ದೆಯ ನಡುಭಾಗ ಆರಿಸಿ, ಪಕ್ಕದ ತಳಿಯಿಂದ ಕನಿಷ್ಠ 3 ಮೀಟರ್ ದೂರ ಇರಲಿ, ನೀರು ಬರುವ ತೂಬಿನ ಹತ್ತಿರ ಬೇಡ. ಕಳೆದ ಬೆಳೆಯ ಉದುರು ಕಾಳು ಮೊಳೆತು ಸೇರಿಕೊಳ್ಳುವುದೇ ಬೆರಕೆಯ ದೊಡ್ಡ ದಾರಿ. ಆದ್ದರಿಂದ ಮೊದಲು ನೀರು ಹಾಯಿಸಿ, ಮೊಳೆಯಲು ಬಿಟ್ಟು, ಉತ್ತು ಕೆಸರು ಮಾಡಿ. ತೆಂಡೆ ಒಡೆಯುವಾಗ, ಹೂವಾಡುವಾಗ, ಕೊಯ್ಲಿಗೆ ಮುಂಚೆ, ಹೀಗೆ ಮೂರು ಸಲ ಒಳಗಿಳಿದು ಎತ್ತರ, ಎಲೆಬಣ್ಣ, ಕಾಳಿನ ಆಕಾರ ಬೇರೆಯಾದ ಪೈರನ್ನು ಬುಡಸಮೇತ ಕೀಳಿ. ನೂರರಲ್ಲಿ ಎಂಬತ್ತೈದು ಕಾಳು ಹಳದಿ ತಿರುಗಿದಾಗ ಆ ಭಾಗವನ್ನು ಕುಡುಗೋಲಲ್ಲೇ ಕೊಯ್ಯಿರಿ. ಕಟಾವು ಯಂತ್ರ ಬೇಡವೇ ಬೇಡ. ಅದರ ಹೊಟ್ಟೆಯಲ್ಲಿ ಹಿಂದಿನ ಗದ್ದೆಯ ಭತ್ತ ಉಳಿದಿರುತ್ತದೆ. ಹೆಚ್ಚಿನವರು ವರ್ಷವಿಡೀ ಜೋಪಾನ ಮಾಡಿ ಬೀಜ ಕೆಡಿಸಿಕೊಳ್ಳುವುದು ಈ ಒಂದೇ ಗಂಟೆಯಲ್ಲಿ.

ಕಾದ ಡಾಂಬರು ರಸ್ತೆಯಲ್ಲಿ ಒಣಗಿಸಿದರೆ ಮೊಳಕೆ ಸಾಯುತ್ತದೆ. ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ನಡುಹಗಲು ಮುಚ್ಚಿ, ತೇವ 12–13 ಶೇಕಡಕ್ಕೆ ಇಳಿಸಿ. ಹಲ್ಲಿನಲ್ಲಿ ಕಚ್ಚಿದರೆ ಟಕ್ಕನೆ ಒಡೆಯಬೇಕು, ಚಪ್ಪಟೆಯಾಗಬಾರದು. ಚೀಲವನ್ನು ಹಲಗೆಯ ಮೇಲಿಡಿ, ಗೋಡೆಗೆ ತಾಗಿಸಬೇಡಿ, ಯೂರಿಯಾ ಇರುವ ಕೋಣೆಯಂತೂ ಬೇಡ.

ಕೊಯ್ದ ಹೊಸತರಲ್ಲಿ ಮೊಳಕೆ ಪರೀಕ್ಷೆ ಮಾಡಿ ಗಾಬರಿಯಾಗಬೇಡಿ. ಹಲವು ತಳಿಗಳಿಗೆ ಕೆಲವು ವಾರಗಳ ನಿದ್ರಾವಸ್ಥೆ ಇರುತ್ತದೆ. ಬಿತ್ತನೆಗೆ ಹದಿನೈದು ದಿನ ಮೊದಲು ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸಾಲಾಗಿಟ್ಟು ಸುತ್ತಿ, ನೆರಳಲ್ಲಿಡಿ, ತೇವ ಆರದಿರಲಿ. ಎಂಟನೇ ದಿನ ಎಂಬತ್ತು ಮೊಳೆತಿದ್ದರೆ ಪ್ರಮಾಣಿತ ಬೀಜಕ್ಕೆ ಸಮ. ಎಪ್ಪತ್ತಿದ್ದರೆ ಬೀಜದ ಪ್ರಮಾಣ ಹೆಚ್ಚಿಸಿ. ಅದಕ್ಕೂ ಕೆಳಗಾದರೆ ಅಕ್ಕಿ ಮಾಡಿಸಿ. ಒಟ್ಲು (ಸಸಿಮಡಿ) ಬಿಡುವ ಮುಂಚೆ ಬಕೆಟ್ ನೀರಿಗೆ ಹಸಿ ಮೊಟ್ಟೆ ಹಾಕಿ, ಅದು ತೇಲಿ ಮೇಲೆ ಕಾಣುವವರೆಗೂ ಉಪ್ಪು ಕರಗಿಸಿ. ಮೊಟ್ಟೆ ತೆಗೆದು ಬೀಜ ಸುರಿಯಿರಿ. ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಎರಡು ಮೂರು ನೀರಲ್ಲಿ ತೊಳೆಯಿರಿ. ತೊಳೆಯದಿದ್ದರೆ ಉಪ್ಪೇ ಮೊಳಕೆ ಕೊಲ್ಲುತ್ತದೆ.

ರಾಗಿ ಇನ್ನೂ ಸುಲಭ. ಕೂರಿಗೆ ಬಿತ್ತನೆಗೆ ಎಕರೆಗೆ 5 ಕಿಲೊ, ನಾಟಿಗೆ 2 ಕಿಲೊ. ಹೊಲದಲ್ಲಿ ನಿಂತಿರುವಾಗಲೇ ತೆನೆ ಆರಿಸಿ. ತೆನೆಯ ಕುತ್ತಿಗೆಯಲ್ಲಿ ಬೆಂಕಿ ರೋಗದ ಕಪ್ಪು ಕಂಡರೆ ಕಾಳು ಎಷ್ಟೇ ದಪ್ಪವಿದ್ದರೂ ಬಿಡಿ.

ಮೂಲ ಬೀಜಕ್ಕೆ ವಿ.ಸಿ. ಫಾರಂ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರ ಕೇಳಿ. ಚೀಟಿ ಬಿಳಿಯಾದರೆ ಆಧಾರ ಬೀಜ, ನೀಲಿಯಾದರೆ ಪ್ರಮಾಣಿತ ಬೀಜ, ಹಸಿರಾದರೆ ಮಾರುವವರೇ ಗುಣಮಟ್ಟ ಬರೆದುಕೊಂಡದ್ದು. ಬಿಳಿ ಸಿಕ್ಕರೆ ಅದನ್ನೇ ತನ್ನಿ. ಊರಿನ ಹಳೆಯ ತಳಿ ಬೇಕಾದರೆ ನಿಮ್ಮ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿ ಉಳಿಸಿದ್ದಾರೆ. ರಾಜಮುಡಿಯಂಥ ಎತ್ತರದ ತಳಿಗೆ ಗಿಡ್ಡ ತಳಿ ಐಆರ್-64ರ ಲೆಕ್ಕದಲ್ಲಿ ಯೂರಿಯಾ ಸುರಿದರೆ ಮಲಗುತ್ತದೆ ಅನ್ನುವುದು ನೆನಪಿರಲಿ.

ಹೈಬ್ರಿಡ್ ಕೊಳ್ಳಲೇಬೇಕಾದಾಗ ಲಾಟ್ ನಂಬರ್ ಬರೆಸಿದ ಬಿಲ್ ಪಡೆಯಿರಿ. ಕೊಡುವುದು ಮಾರುವವರ ಕಾನೂನು ಹೊಣೆ. ಖಾಲಿ ಪೊಟ್ಟಣ, ಚೀಟಿ, ಒಂದು ಹಿಡಿ ಬೀಜ ಕೊಯ್ಲಿನವರೆಗೂ ಇಟ್ಟುಕೊಳ್ಳಿ. ಬೆಳೆ ಕೈಕೊಟ್ಟರೆ ಉತ್ತುಬಿಡುವ ಮುಂಚೆ ಕೃಷಿ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಹೊಲ ತೋರಿಸಿ, ಆ ತಪಾಸಣೆ ವರದಿಯ ಪ್ರತಿ ಕೇಳಿ ಪಡೆಯಿರಿ. ಬೀಜ ಕೊಂಡ ರೈತ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ್ದರಿಂದ, ಆ ವರದಿ ಹಿಡಿದು ಮಂಡ್ಯದ ಗ್ರಾಹಕರ ಆಯೋಗಕ್ಕೆ ಹೋಗಬಹುದು.