ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿಯ ಮೇಲಿನ ತೆರಿಗೆಯಿಂದ ಸರ್ಕಾರಕ್ಕೆ ಎಷ್ಟು ಆದಾಯ? ಮುಂದೆ ಹೆಚ್ಚಾಗುತ್ತದೆಯೇ?

2023ರಲ್ಲಿ ಸೋಷಿಯಲ್ ಸೆಕ್ಯುರಿಟಿ ನಿಧಿಗಳಿಗೆ ಸುಮಾರು 51 ಬಿಲಿಯನ್ ಡಾಲರ್ ಬಂತು. ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ನಿಧಿಗೆ ಹೋಗುವ ಪಾಲು ಬೇರೆ.

ಹೊಸ ಕಾನೂನು ಮಾಡದಿದ್ದರೂ ಕಾಲಕ್ರಮೇಣ ಈ ಮೊತ್ತ ಏರುತ್ತದೆ. ಪಿಂಚಣಿಯ ಅರ್ಧ ಮತ್ತು ಬೇರೆ ಆದಾಯ ಸೇರಿ ಒಂದು ಮಿತಿ ದಾಟಿದರೆ ಪಿಂಚಣಿಯ ಒಂದು ಭಾಗಕ್ಕೆ ತೆರಿಗೆ; ಒಂಟಿ ವ್ಯಕ್ತಿಗೆ 25,000, ದಂಪತಿಗೆ 32,000 ಡಾಲರ್ ಎಂಬ ಆ ಮಿತಿಯನ್ನು 1983ರಲ್ಲಿ ಗೊತ್ತುಮಾಡಿದ್ದು. ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಬದಲಿಸಿಯೇ ಇಲ್ಲ. ಪಿಂಚಣಿ ಮಾತ್ರ ಬಹುತೇಕ ಪ್ರತಿ ವರ್ಷ ಏರುತ್ತದೆ, ಹಾಗಾಗಿ ಮಿತಿ ದಾಟುವವರು ಹೆಚ್ಚುತ್ತಾರೆ. ಸದ್ದಿಲ್ಲದ ತೆರಿಗೆ ಏರಿಕೆ ಅಂದರೆ ಇದೇ.

ಲೆಕ್ಕ ನೋಡಿ: ಒಂಟಿ ವ್ಯಕ್ತಿಗೆ ಸೋಷಿಯಲ್ ಸೆಕ್ಯುರಿಟಿ 24,000, ಬೇರೆ ಆದಾಯ 20,000. ಮೊದಲನೆಯದರ ಅರ್ಧ ಸೇರಿಸಿದರೆ 32,000. ಮಿತಿಗಿಂತ 7,000 ಹೆಚ್ಚು. ಅದರ ಅರ್ಧ, ಅಂದರೆ 3,500, ತೆರಿಗೆಗೆ ಒಳಪಡುವ ಆದಾಯಕ್ಕೆ ಸೇರುತ್ತದೆ. 3,500 ತೆರಿಗೆಯಲ್ಲ, ಹಲವರು ಎಡವುವುದು ಇಲ್ಲೇ. ಆದಾಯ ಹೆಚ್ಚಿದ್ದರೆ ಪಿಂಚಣಿಯ ಶೇ. 85ರವರೆಗೆ ಸೇರಬಹುದು. 1993ರಲ್ಲಿ ತಂದ ಈ ಹೆಚ್ಚುವರಿ ಹಂತದ ಹಣವೇ ಮೆಡಿಕೇರ್‌ಗೆ ಹೋಗುವುದು.

ಅಮೆರಿಕದ ಪೌರತ್ವ, ಗ್ರೀನ್ ಕಾರ್ಡ್ ಎರಡೂ ಇಲ್ಲದೆ ಊರಿಗೆ ಮರಳಿದವರಿಗೆ ಈ ಮಿತಿಗಳು ಅನ್ವಯಿಸುವುದಿಲ್ಲ: ಶೇ. 85 ಭಾಗದ ಮೇಲೆ ಶೇ. 30, ಅಂದರೆ ಪಿಂಚಣಿಯ ಶೇ. 25.5 ಸಾಮಾನ್ಯವಾಗಿ ಅಲ್ಲೇ ಕಡಿತ.